ಜೋಜೋ ಅಕ್ಕನ ಕೋಣೆಗೆ ಮತ ಕೇಳಲು ಬಂದವರು

ನಮ್ಮ ಬೀದಿಯ ಕೊನೆಯಲ್ಲಿ, ಹೊಲಿಗೆ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಒಂದು ಶಿಶುಮನೆ ಇದೆ. ಬೋರ್ಡಿನ ಪ್ರಕಾರ ಅದನ್ನು ನಡೆಸುವುದು ನಗರಸಭೆ. ನಿಜವಾಗಿ ನಡೆಸುವುದು ಅಲ್ಲಿನ ಆಯಾ, ಜೋಜೋ ಅಕ್ಕ. ಅವರಿಗೆ ಬೇರೆ ಹೆಸರೂ ಇರಬೇಕು; ಮಕ್ಕಳಿಟ್ಟ ಈ ಹೆಸರಿನ ಮುಂದೆ ಅದು ಎಂದೋ ಸೋತುಹೋಗಿದೆ.

ಹಿಂದೆ ಮನೆಗೆಲಸಕ್ಕೆ ಹೋಗುತ್ತಿದ್ದಾಗ ತಮ್ಮ ಮಗಳನ್ನು ಬಿಡಲು ಇಲ್ಲಿಗೆ ಬಂದರಂತೆ. ಆವತ್ತು ಆಯಾ ಬಂದಿರಲಿಲ್ಲ, ಕೋಣೆ ತುಂಬ ಅಳು. ಇವತ್ತೊಂದು ದಿನ ನೋಡಿಕೊಂಡರಾಯಿತು ಎಂದು ಕೂತವರು ಇನ್ನೂ ಎದ್ದಿಲ್ಲ. ಆ ಮಗಳು ಈಗ ಬಸ್ ಓಡಿಸುತ್ತಾಳೆ. "ನನ್ನ ತೊಡೆ ಮೇಲೆ ಜಾಗ ಸಿಗ್ಲಿಲ್ಲ ಅಂತ ಡ್ರೈವರ್ ಸೀಟು ಹಿಡಿದ್ಲು" ಎನ್ನುತ್ತಾರೆ ಅಕ್ಕ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. "ಅದ್ರಲ್ಲಿ ಧನ ಎಲ್ಲಿದೆ ಅಂತ ಹುಡುಕ್ತಾನೇ ಇದ್ದೀನಿ. ಗೌರವ ಮೊದಲೇ ಕಾಣೆ."

ಅವರ ಕೋಣೆಗೆ ಒಂದೇ ಕಾನೂನು. ಮಧ್ಯಾಹ್ನ ಊಟವಾಗಿ ಮಕ್ಕಳು ಮಲಗುವ ಹೊತ್ತಿಗೆ ಯಾರೇ ಒಳಗೆ ಬರಲಿ, ನೆಲದ ಮೇಲೆ ಕೂತು ಒಂದು ಮಗುವನ್ನು ತೊಡೆಗೆ ಹಾಕಿಕೊಂಡು ತಟ್ಟಬೇಕು. ಮಗು ತಾನಾಗಿ ಏಳುವವರೆಗೆ ಅವರೂ ಏಳುವಂತಿಲ್ಲ. ಹಾಲಿನವನಿಂದ ಹಿಡಿದು ಕರೆಂಟಿನವನವರೆಗೆ ಎಲ್ಲರೂ ತಟ್ಟಿದ್ದಾರೆ.

ಹೀಗಿರುವಾಗ ಶಿಶುಮನೆಯನ್ನು ಮುಂದಿನ ತಿಂಗಳಿಂದ ಮಧ್ಯಾಹ್ನದ ಮೊದಲೇ ಮುಚ್ಚಬೇಕೆಂದು ಆದೇಶ ಬಂತು. ನನ್ನ ಮಗಳೂ ಅಲ್ಲೇ ಬೆಳೆಯುತ್ತಿರುವವಳು. ಅವಳನ್ನು ಯಾರು ನೋಡಿಕೊಳ್ಳುತ್ತಾರೆ, ನಾನು ಕೆಲಸ ಬಿಡಬೇಕೇ, ಬಿಟ್ಟರೆ ಬಾಡಿಗೆಗೆ ಏನು ಗತಿ? ನನ್ನ ಚಿಂತೆಗಿಂತ ಪಕ್ಕದ ಓಣಿಯವರದು ದೊಡ್ಡದು. ಅಲ್ಲಿನ ಮಕ್ಕಳಿಗೆ ದಿನದ ಬಿಸಿ ಊಟ ಎಂದರೆ ಇಲ್ಲಿನದೇ. ಪಾತ್ರೆ ತೊಳೆಯುವ ತಾಯಿಯೊಬ್ಬಳು ಆಗಲೇ ದೊಡ್ಡ ಮಗಳನ್ನು ಶಾಲೆ ಬಿಡಿಸುವ ಮಾತಾಡುತ್ತಿದ್ದಳು, ಚಿಕ್ಕದನ್ನು ಕಾಯಲು.

ಚುನಾವಣೆ ಇನ್ನೂ ಘೋಷಣೆಯಾಗಿರಲಿಲ್ಲ. ಕೈಮುಗಿಯುವುದು ಮಾತ್ರ ಶುರುವಾಗಿತ್ತು. ನಗರಸಭೆಯ ಅಧ್ಯಕ್ಷರೂ ಆದ ನಮ್ಮ ವಾರ್ಡಿನ ಸದಸ್ಯರು ಮಕ್ಕಳ ಜೊತೆ ಫೋಟೋ ತೆಗೆಸಿಕೊಳ್ಳಲು ಬರುತ್ತಾರೆಂದು ಸುದ್ದಿ ಬಂತು. ಅವರ ಕಡೆಯವರು ಮಲಗುವ ಹೊತ್ತನ್ನೇ ಗೊತ್ತುಮಾಡಿದ್ದರು. ಆಗ ಗಲಾಟೆ ಇರುವುದಿಲ್ಲವಲ್ಲ.

ನೆಗಡಿಯಾದ ಮಗಳನ್ನು ಬಿಟ್ಟುಹೋಗಲು ಮನಸ್ಸಾಗದೆ ಆವತ್ತು ನಾನು ರಜೆ ಹಾಕಿ ಶಿಶುಮನೆಯ ವರಾಂಡದ ಕಿಟಕಿಗೆ ಅಂಟಿಕೊಂಡಿದ್ದೆ.

"ಈ ಗಾಜು ಒರೆಸೋದೇ ಬಿಟ್ಟಿದ್ದೀನಮ್ಮ" ಎಂದರು ಅಕ್ಕ. "ನಾಳೆ ಮತ್ತೆ ನಿಮ್ಮ ಮೂಗಿನ ಗುರುತು ಬಿದ್ದಿರುತ್ತೆ."

ಸದಸ್ಯರು ಬಂದರು. ಅಕ್ಕ ತುಟಿಗೆ ಬೆರಳಿಟ್ಟು, ಚಾಪೆ ತೋರಿಸಿ, ನಿದ್ದೆಗಣ್ಣಿನ ನನ್ನ ಮಗಳನ್ನೇ ಎತ್ತಿ ಅವರ ತೊಡೆಗೆ ಹಾಕಿದರು. ಅವಳು ಹೊಸಬರನ್ನು ಕಂಡರೆ ಅತ್ತು ಬೀದಿ ಒಂದುಮಾಡುವವಳು. ಆದರೆ ಅವರ ಹೆಬ್ಬೆರಳು ಹಿಡಿದುಕೊಂಡು ತಟ್ಟನೆ ಗೊರಕೆ ಹೊಡೆದಳು.

ಫೋಟೋ ಆಯಿತು. ಸದಸ್ಯರು ಏಳಲು ನೋಡಿದರು.

"ಏಳ್ಬೇಡಿ ಸಾರ್" ಎಂದು ಅಕ್ಕ ಪಿಸುಗುಟ್ಟಿದರು. "ಇವಳೊಬ್ಬಳು ಎದ್ರೆ ಎಲ್ಲಾ ಏಳ್ತವೆ. ಒಟ್ಟಿಗೆ ಅಳು ಶುರುವಾದ್ರೆ, ನೀವು ಬಂದು ಅಳಿಸಿದ್ರಿ ಅಂತ ಬೀದಿಯೆಲ್ಲಾ ಮಾತಾಗುತ್ತೆ."

ಅವರು ಕೂತರು. ಸ್ವಲ್ಪ ಹೊತ್ತಿಗೆ ಕಾಲು ಜೋಮು ಹಿಡಿದು ಮುಖ ಕಿವುಚಿದರು.

"ದಿನಾ ಹೇಗೆ ಕೂರ್ತೀಯಮ್ಮ?"

"ಮುಂದಿನ ತಿಂಗಳಿಂದ ಕೂರೋ ಹಾಗಿಲ್ಲ ಸಾರ್. ಊಟಕ್ಕೂ ಮೊದಲೇ ಇವನ್ನೆಲ್ಲಾ ಆಚೆ ಕಳಿಸ್ಬೇಕಂತೆ. ಇವರಮ್ಮಂದಿರು ಆಗಿನ್ನೂ ಯಾರದೋ ಮನೇಲಿ ಯಾರದೋ ಮಗೂಗೆ ಊಟ ಮಾಡಿಸ್ತಾ ಇರ್ತಾರೆ."

"ಯಾರು ಹಾಗೆ ಆದೇಶ ಮಾಡಿದ್ದು?"

"ಸಹಿ ನಿಮ್ಮದೇ ಸಾರ್."

ಅವರು ತಮ್ಮ ಸಹಾಯಕನನ್ನು ನೋಡಿದರು. ಸಹಾಯಕ ಗೋಡೆಯ ಮೇಲಿನ ಗಿಳಿ ಚಿತ್ರ ನೋಡಿದ. "ಆಗ್ಲಿ, ಚುನಾವಣೆ ಮುಗೀಲಿ, ನೋಡೋಣ" ಎಂದರು ಸದಸ್ಯರು.

"ಹಾಗಾದ್ರೆ ಇವಳೂ ಚುನಾವಣೆ ಮುಗಿದ ಮೇಲೇ ಏಳ್ಬಹುದು" ಎಂದರು ಅಕ್ಕ.

ಕಿಟಕಿಯಲ್ಲಿ ಆಗ ನನ್ನದೊಂದೇ ಮೂಗಿರಲಿಲ್ಲ. ಕೆಲಸ ಮುಗಿಸಿಯೋ ಬಿಟ್ಟೋ ಬಂದ ತಾಯಂದಿರೆಲ್ಲ ಸಾಲಾಗಿ ನಿಂತಿದ್ದರು. ಸದಸ್ಯರು ಒಮ್ಮೆ ನಮ್ಮನ್ನು, ಒಮ್ಮೆ ತಮ್ಮ ಹೆಬ್ಬೆರಳನ್ನು ನೋಡಿ, ಇನ್ನೊಂದು ಕೈಯಲ್ಲಿ ಕಚೇರಿಗೆ ಫೋನ್ ಮಾಡಿದರು.

"ಆ ಶಿಶುಮನೆ ಆದೇಶ ವಾಪಸ್ ತಗೊಳ್ಳಿ."

"ಜೋರಾಗಿ ಮಾತಾಡಿ ಸಾರ್, ಕೇಳಿಸ್ತಿಲ್ಲ." ಫೋನಿನ ಆ ಕಡೆಯ ಕೂಗು ಕಿಟಕಿಯವರೆಗೂ ಬಂತು.

"ಜೋರಾಗಿ ಆಗಲ್ಲ ಕಣ್ರೀ, ಮಗು ಮಲಗಿದೆ. ಮೊದಲಿನ ಹಾಗೇ ಸಂಜೆವರೆಗೆ ನಡೀಲಿ. ಇವತ್ತೇ ಬರೆದು ಇಲ್ಲಿಗೇ ತನ್ನಿ."

ಹೊಸ ಆದೇಶ ಹಿಡಿದು ಓಡಿಬಂದ ಅಧಿಕಾರಿಗೂ ಬಾಗಿಲಲ್ಲೇ ಒಂದು ಮಗು ಸಿಕ್ಕಿತು. ಅಷ್ಟರಲ್ಲಿ ನನ್ನ ಮಗಳು ಕಣ್ಣುಬಿಟ್ಟು, ತನ್ನನ್ನು ತೊಡೆಗೆ ಹಾಕಿಕೊಂಡ ಸದಸ್ಯರ ಮುಖ ನೋಡಿ, ನೆಗಡಿಯೆಲ್ಲ ಸೇರುವಂತೆ ಅವರ ಅಂಗಿಯ ಮೇಲೆ ಸೀನಿದಳು. ನಾನು ನಾಚಿಕೆಯಿಂದ ಹಿಡಿಯಷ್ಟಾದೆ. ಸದಸ್ಯರು ಅಕ್ಕನ ಭುಜ ಹಿಡಿದು ಕುಂಟುತ್ತ ಮೆಟ್ಟಿಲಿಳಿದರು.

ಪಾತ್ರೆ ತೊಳೆಯುವ ತಾಯಿ ಆದೇಶವನ್ನು ಇನ್ನೊಮ್ಮೆ ಓದಿಸಿಕೊಂಡು ಕೇಳಿ, "ದೊಡ್ಡವಳಿಗೆ ನಾಳೆ ಶಾಲೆ ತಪ್ಪಿಸ್ಕೊಳ್ಳೋಕೆ ನೆಪ ಇಲ್ಲ" ಎಂದು ನಗುತ್ತ ಹೋದಳು.

ನಾನು ಕೇಳಿದೆ, "ಅಕ್ಕ, ನಿಮ್ಮ ಸಂಬಳದ ಮಾತೂ ಎತ್ತಬೇಕಿತ್ತಲ್ಲವಾ?"

"ಒಂದು ನಿದ್ದೆಗೆ ಒಂದೇ ಕೆಲಸ ಕಣಮ್ಮ" ಎಂದು ಅಕ್ಕ ಚಾಪೆ ಸುತ್ತಿದರು. "ನಾಳೆ ಎದುರು ಪಕ್ಷದೋರು ಬರ್ತಾರಂತೆ. ಮಗೂನ ಬೆಳಿಗ್ಗೆ ಬೇಗ ಎಬ್ಬಿಸಿ ಕರ್ಕೊಂಡು ಬನ್ನಿ. ಮಧ್ಯಾಹ್ನ ಗಾಢವಾಗಿ ನಿದ್ದೆ ಬರ್ಬೇಕು."