ರೇಣುಕಾಳ ಪಿಸ್ತೂಲು ಮತ್ತು ಶೆಡ್ಡಿನ ಮಬ್ಬು

2006ರಲ್ಲಿ ನಾನು ಗೋವಾದ ಬಂದರು ಕಾವಲು ಪಡೆಯೊಂದರಲ್ಲಿ ಆರ್ಮರರ್ ಆಗಿದ್ದೆ. ಆಯುಧಗಳನ್ನು ದುರಸ್ತಿ ಮಾಡಿ, ಗುರಿ ಹೊಂದಿಸಿ ಕಾವಲಿನವರ ಕೈಗೆ ಕೊಡುವುದು ನನ್ನ ಕೆಲಸ. ಅದಕ್ಕೂ ಮೊದಲು ಹದಿನೇಳು ವರ್ಷ ಸೇನೆಯಲ್ಲಿ ಅದನ್ನೇ ಮಾಡಿದ್ದೆ.

ಪಡೆಯಲ್ಲಿ ಪಿಸ್ತೂಲು ಹಿಡಿಯುತ್ತಿದ್ದ ಹೆಣ್ಣುಮಗಳು ರೇಣುಕಾ ಒಬ್ಬಳೇ. ವಿಜಾಪುರ ಕಡೆಯಿಂದ ಗೋವಾದ ಝುವಾರಿನಗರಕ್ಕೆ ಬಂದ ಗಾರೆ ಕೆಲಸದವರ ಮಗಳು. ಬಯಲು ರೇಂಜಿನ ಬಿಸಿಲಲ್ಲಿ ಹತ್ತಕ್ಕೆ ಒಂಬತ್ತು ಗುಂಡು ಗುರಿಗೆ ಹಾಕಿ ಆ ಜಾಗ ಗಿಟ್ಟಿಸಿದ್ದಳು. ಆ ವರ್ಷದ ಗುರಿ ಪರೀಕ್ಷೆ ಒಂದು ಹಳೆಯ ಶೆಡ್ಡಿನೊಳಗೆ ನಡೆಯಿತು. ಅವಳ ಹತ್ತು ಗುಂಡುಗಳಲ್ಲಿ ಗುರಿಗೆ ಬಿದ್ದದ್ದು ಎರಡೇ. ಅವಳ ಜೊತೆ ನಾಲ್ವರು ಗಂಡಸರೂ ನಪಾಸಾದರು. ಅವರಿಗೆ ಇನ್ನೊಂದು ಅವಕಾಶ ಸಿಕ್ಕಿತು. ಅವಳ ವರದಿಯಲ್ಲಿ ಮಾತ್ರ ಮೇಲಧಿಕಾರಿ ದೇಸಾಯಿ ಸಾಹೇಬರು 'ದೃಷ್ಟಿದೋಷ, ಆಯುಧ ವಾಪಸು' ಎಂದು ಬರೆದರು. ಆಯುಧ ಸರಿಯಾಗಿದೆ ಎಂದು ಅದರ ಕೆಳಗೆ ನಾನು ಸಹಿ ಹಾಕಬೇಕಿತ್ತು.

ರೇಣುಕಾ ನೇರ ನನ್ನ ಕೋಣೆಗೆ ಬಂದಳು. ಅಳಲಿಲ್ಲ.

"ಕಾಕಾ, ನನ್ನ ಕಣ್ಣು ಚಲೋ ಅದಾವ್ರಿ. ಆ ಶೆಡ್ಡಿನ್ಯಾಗ ಮುಂದಿನ ಸೈಟೇ ಕಾಣಂಗಿಲ್ಲ. ನೀವೇ ಬಂದು ನೋಡ್ರಿ."

ಹೋಗಿ ನೋಡಿದೆ. ಪಿಸ್ತೂಲಿನ ತುದಿಯಲ್ಲಿ ಒಂದು ಸಣ್ಣ ಉಬ್ಬು, ಹಿಂದೆ ಒಂದು ಕಚ್ಚು. ಕಚ್ಚಿನ ನಡುವೆ ಉಬ್ಬನ್ನು ನಿಲ್ಲಿಸಿ ಗುರಿ ಹಿಡಿಯಬೇಕು. ಇವೇ ಸೈಟ್‌ಗಳು. ನಮ್ಮ ಪಿಸ್ತೂಲುಗಳಿಗಿದ್ದವು ಕಪ್ಪು ಸೈಟ್‌ಗಳು. ಬಿಸಿಲಿಗೆ ಕಪ್ಪು ಸೈಟ್ ಒಳ್ಳೆಯದು, ಮಿಂಚುವುದಿಲ್ಲ. ಮಬ್ಬಿನಲ್ಲಿ ಅದೇ ಕಪ್ಪು ಹಿಂದಿನ ಗೋಡೆಯೊಳಗೆ ಕರಗಿಹೋಗುತ್ತದೆ. ಅಲ್ಲಿಗೆ ಬೇಕಾದದ್ದು ಬಿಳಿ ಚುಕ್ಕೆಯ ಮುಂದಿನ ಸೈಟ್ ಮತ್ತು ಅಗಲ ಕಚ್ಚು. ಎರಡೂ ನಮ್ಮ ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದವು. ಅವಳು ದಿನವೂ ಕಾವಲು ನಿಲ್ಲುತ್ತಿದ್ದ ಗೋದಾಮೂ ಅಷ್ಟೇ ಮಬ್ಬು. ಅಲ್ಲಿ ಯಾರಾದರೂ ಅವಳ ಮೇಲೆ ಏರಿ ಬಂದಿದ್ದರೆ?

ಮರುದಿನ ವರದಿಯನ್ನು ಸಾಹೇಬರ ಮೇಜಿನ ಮೇಲಿಟ್ಟೆ.

"ಸಹಿ ಹಾಕಂಗಿಲ್ರಿ. ದೋಷ ಪಿಸ್ತೂಲಿಂದು, ಹುಡುಗಿದಲ್ಲ."

ಸಾಹೇಬರೂ ನನ್ನ ಹಾಗೆ ಧಾರವಾಡದವರೇ. "ಹೆಣ್ಣುಮಕ್ಕಳಿಗೆ ಇದು ಒಗ್ಗೂದಿಲ್ಲ. ನೀವ್ಯಾಕ ನಡುವ ಬರ್ತೀರಿ?" ಎಂದರು.

ಬಾಗಿಲಲ್ಲಿ ನಿಂತಿದ್ದ ರೇಣುಕಾ ಒಳಗೆ ಬಂದು ಸೆಲ್ಯೂಟ್ ಹೊಡೆದಳು. "ಸಾಹೇಬ್ರ, ಅದೇ ಪಿಸ್ತೂಲು, ಅದೇ ಶೆಡ್ಡು. ಮೊದಲ ನೀವು ಹೊಡೀರಿ. ಆಮ್ಯಾಲೆ ನನ್ನ ಕಣ್ಣಿನ ಮಾತು."

ಕಚೇರಿಯ ಗುಮಾಸ್ತರೆಲ್ಲ ಕೇಳಿಸಿಕೊಂಡಿದ್ದರು. ಸಾಹೇಬರು ಏಳಲೇಬೇಕಾಯಿತು. ಅವರು ಒಳ್ಳೆಯ ಗುರಿಕಾರರೇ. ಶೆಡ್ಡಿನಲ್ಲಿ ಹತ್ತು ಹೊಡೆದರು, ಮೂರು ಬಿದ್ದವು. ನಾನು ಅಲ್ಲೇ ಸೈಟ್ ಬದಲಿಸಿ, ನಾಲ್ಕು ಗುಂಡು ಹಾರಿಸಿ ಗುರಿ ಹೊಂದಿಸಿ, ಪಿಸ್ತೂಲನ್ನು ರೇಣುಕಾಳ ಕೈಗೆ ಕೊಟ್ಟೆ. ಅವಳು ಅವಸರ ಮಾಡಲಿಲ್ಲ. ಹತ್ತಕ್ಕೆ ಎಂಟು.

ಅವಳ ವರದಿ ರದ್ದಾಯಿತು. ಗೋದಾಮಿನ ಕಾವಲಿನವರಿಗೆಲ್ಲ ಬಿಳಿ ಚುಕ್ಕೆಯ ಸೈಟ್ ಬಂತು. ಅನುಮತಿಯಿಲ್ಲದೆ ಸೈಟ್ ಬದಲಿಸಿದ್ದಕ್ಕೆ ನನಗೊಂದು ಮೆಮೊ ಬಂತು. 'ಬದಲಿಸಿದ್ದು ನಿಜ, ವಿಷಾದವಿಲ್ಲ' ಎಂದು ಉತ್ತರ ಬರೆದೆ.

ಅಂದಿನಿಂದ ಯಾರ ಕೈಗೆ ಪಿಸ್ತೂಲು ಕೊಡುವ ಮೊದಲೂ ಅವರು ಕಾವಲು ನಿಲ್ಲುವ ಜಾಗದಲ್ಲಿ, ಅವರು ನಿಲ್ಲುವ ಹೊತ್ತಿನಲ್ಲೇ ನಾನೂ ನಿಂತು ನೋಡುತ್ತಿದ್ದೆ. ಒಬ್ಬರ ಮೇಲೆ ಷರಾ ಬರೆಯುವವರೂ ಅಷ್ಟು ದೂರ ನಡೆಯಬೇಕು. ನಡೆಯದವರ ಕಾಗದಕ್ಕೆ ನಿವೃತ್ತಿಯಾಗುವವರೆಗೂ ನಾನು ಸಹಿ ಹಾಕಲಿಲ್ಲ.