ಕಾಗೆ ಮುಟ್ಟಿದ ಮೆಂಬರು

ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರ ಬಂತು ಅನ್ನುವುದು ನಮ್ಮ ಕಡೆಯ ನಂಬಿಕೆ. ಅದಕ್ಕೆ ಪರಿಹಾರವೂ ಉಂಟು. ಮುಟ್ಟಿಸಿಕೊಂಡವರು ಸತ್ತೇಹೋದರು ಅಂತ ದೂರದವರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ಅತ್ತರೆ ದೋಷ ಆ ಕಣ್ಣೀರಿನಲ್ಲೇ ಕಳೆಯುತ್ತದೆ. ಅತ್ತ ಮೇಲೆ ನಿಜ ಹೇಳಿ ಬೈಸಿಕೊಂಡರೆ ಮುಗಿಯಿತು. ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಇಂಥದ್ದನ್ನೆಲ್ಲ ನಂಬುವುದಿಲ್ಲ ಅಂತ ಎದೆ ತಟ್ಟಿಕೊಂಡು ಹೇಳುತ್ತಿದ್ದೆ, ಕಳೆದ ಬೇಸಿಗೆ ರಜೆಯವರೆಗೆ.

ಮುಖ್ಯರಸ್ತೆಯ ಹ್ಯಾಂಡ್‌ಪೋಸ್ಟಿನಿಂದ ಒಳಗಿರುವ ನಮ್ಮೂರಿನಲ್ಲಿ, ನನ್ನ ತವರುಮನೆಯ ಎದುರಿಗೇ ಮೆಂಬರ್ ದೊಡ್ಡಪ್ಪನ ಮನೆ. ಸ್ವಂತ ದೊಡ್ಡಪ್ಪನಲ್ಲ, ಹಾಗೆ ಕರೆದು ರೂಢಿ. ಒಂದೇ ಒಂದು ಸಲ ಪಂಚಾಯ್ತಿ ಮೆಂಬರಾಗಿದ್ದವರು. ಆ ಒಂದು ಅವಧಿಯಲ್ಲಿ ಡಿಪೋಗೂ ತಾಲ್ಲೂಕು ಕಚೇರಿಗೂ ಅಲೆದು ಚಪ್ಪಲಿ ಸವೆಸಿ ಊರಿಗೆ ಸರ್ಕಾರಿ ಬಸ್ಸು ತಂದರು. ತಿರುಗಿಸಿಕೊಳ್ಳಲು ಜಾಗವಿಲ್ಲ ಅಂತ ಡಿಪೋದವರು ತಕರಾರು ತೆಗೆದಾಗ ತಮ್ಮ ಹೊಲದ ಮೂಲೆಯನ್ನೇ ಬಿಟ್ಟುಕೊಟ್ಟರು. ಇವತ್ತಿಗೂ ಬಸ್ಸು ತಿರುಗುವುದು ಅಲ್ಲೇ. ಅದು ಬಂದ ವರ್ಷವೇ ನಾನು ತಾಲ್ಲೂಕು ಊರು ಕೋಟೆಯ ಹೈಸ್ಕೂಲಿಗೆ ಸೇರಿದ್ದು. ಇಲ್ಲದಿದ್ದರೆ ಏಳನೇ ಕ್ಲಾಸಿಗೇ ನನ್ನ ಪುಸ್ತಕಗಳು ಅಟ್ಟ ಸೇರುತ್ತಿದ್ದವು. ಇದನ್ನು ನಾನು ಅವರಿಗೆ ಒಂದು ದಿನವೂ ಹೇಳಿರಲಿಲ್ಲ. ಮುಂದಿನ ಚುನಾವಣೆಯಲ್ಲಿ ಊರೇ ಸೇರಿ ಅವರನ್ನು ಸೋಲಿಸಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಆ ದಿನ ಮಧ್ಯಾಹ್ನ ಮೂರು ಗಂಟೆಯಿರಬೇಕು. ಅಂಗಳದಲ್ಲಿ ಹುಣಸೇಹಣ್ಣು ಹರವುತ್ತಿದ್ದ ದೊಡ್ಡಪ್ಪನ ತಲೆಗೆ ಕಾಗೆ ಬಡಿದು ಹೋಯಿತು. ದೊಡ್ಡವ್ವ ನಮ್ಮ ಬಾಗಿಲಿಗೆ ಓಡಿ ಬಂದಳು.

“ಕಾಗೆ ಮುಟ್ಬುಡ್ತು ಕಣವ್ವ ಇವ್ರಿಗೆ. ದೀಪ ಅಚ್ಚೋ ಒತ್ಗೆ ಯಾರಾರ ಅಳ್ಬೇಕು. ನಿನ್ ಫೋನ್ ತಕಂಬಾ.”

“ನೀನೇ ಒಂಚೂರು ಅತ್ಬುಡು ದೊಡ್ಡವ್ವ” ಅಂದೆ, ನಗುತ್ತ.

“ಗೊತ್ತಿದ್ದು ಅತ್ರೆ ಲೆಕ್ಕಕ್ಕಿಲ್ಲ” ಅಂದಳು. ಮಕ್ಕಳಿಲ್ಲದ ಮನೆ. ಅವಳಿಗೆ ಇರುವುದು ಅವರೊಬ್ಬರೇ. ಹಿಂದಿನ ವಾರ ಕೆಮ್ಮು ಅಂತ ಅವರನ್ನು ಕೋಟೆಯ ಡಾಕ್ಟರಿಗೆ ತೋರಿಸಿಕೊಂಡು ಬಂದದ್ದೂ ನಾನೇ.

ಜಗಲಿಯ ಮೇಲೆ ಕೂತು ಮೊದಲು ಭೇರ್ಯಕ್ಕೆ ಫೋನ್ ಮಾಡಿದೆ, ದೊಡ್ಡಪ್ಪನ ತೀರಿಹೋದ ಅಕ್ಕನ ಮಗನಿಗೆ. ಅಳು ತನ್ನ ಕಿವಿಗೇ ಬೀಳಬೇಕು ಅಂತ ದೊಡ್ಡವ್ವ ಸ್ಪೀಕರ್ ಹಾಕಿಸಿದ್ದಳು. ಕಂಬಕ್ಕೆ ಒರಗಿ ದೊಡ್ಡಪ್ಪನೂ ಕೇಳುತ್ತಿದ್ದರು.

“ಅಯ್ಯೋ ಪಾಪ” ಅಂದ ಅವನು. “ಮಣ್ಣು ಎಷ್ಟೊತ್ಗೆ?”

“ನಾಳೆ ಹನ್ನೊಂದಕ್ಕೆ” ಅಂತ ನನ್ನ ಬಾಯಿಂದ ಬಂದೇಬಿಟ್ಟಿತು. ಬದುಕಿರುವ ಮನುಷ್ಯನ ಮುಂದೆ ಅವನ ಮಣ್ಣಿನ ಹೊತ್ತು ಗೊತ್ತು ಮಾಡಿದ್ದೆ.

ಆಮೇಲೆ ಹುಣಸೂರಿನಲ್ಲಿರುವ ಒಬ್ಬ ಪಾರ್ಟಿ ಲೀಡರಿಗೆ. ಹುಡುಗನಾಗಿದ್ದಾಗ ಹಾಸ್ಟೆಲಿನಲ್ಲಿ ಅವನಿಗೆ ಸೀಟು ಕೊಡಿಸಿದ್ದು ಇದೇ ದೊಡ್ಡಪ್ಪ. “ಇನ್ನೂ ಇದ್ರಾ ಅವ್ರು? ಒಂದು ಶ್ರದ್ಧಾಂಜಲಿ ಫ್ಲೆಕ್ಸ್ ಹಾಕ್ಸಿಬುಡಿ, ನನ್ ಫೋಟೋ ಕಳಿಸ್ತೀನಿ” ಅಂದ. ಕೊನೆಗೆ ಪಿರಿಯಾಪಟ್ಟಣದಲ್ಲಿರುವ ರಿಟೈರ್ ಆದ ಕಂಡಕ್ಟರಿಗೆ. ನಮ್ಮೂರಿಗೆ ಬಂದ ಮೊದಲ ಬಸ್ಸಿನವನು, ರಾತ್ರಿ ಬಸ್ಸು ಇಲ್ಲೇ ತಂಗುತ್ತಿದ್ದ ಕಾಲದಲ್ಲಿ ದೊಡ್ಡವ್ವನ ಕೈಯ ಮುದ್ದೆ ಉಂಡವನು. “ಯಾವ ಮೆಂಬರು? ಬಾಳ ರೂಟ್ ಮಾಡಿವ್ನಿ ಕಣವ್ವ, ನೆಪ್ಪಿಲ್ಲ” ಅಂದ.

ಇನ್ನು ಯಾರಿಗೆ ಮಾಡಲಿ ಅಂತ ಕೇಳಿದೆ. ಇಬ್ಬರಿಗೂ ಹೊಳೆಯಲಿಲ್ಲ. ಹೆಂಚಿನ ಮೇಲೆ ಕಾಗೆ ಬಂದು ಕೂತಿತು. ಅದೇ ಕಾಗೆಯೋ ಬೇರೆಯದೋ, ಓಡಿಸಿದರೂ ಹೋಗಲಿಲ್ಲ. ವಿಜ್ಞಾನದ ಟೀಚರಿಗೆ ಹೆದರಿಕೆಯಾಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಫೋನ್ ಮಾಡಿ ನಿಜ ಹೇಳಿಬಿಡುತ್ತೇನೆ ಅಂದರೆ ದೊಡ್ಡವ್ವ ಬಿಡಲಿಲ್ಲ. “ಯಾರೂ ಅಳ್ನಿಲ್ವಲ್ಲ, ಅದೆಂಗ್ ಏಳೀಯೆ? ನಾಳೆ ಬಂದ್ ಮೇಲಾರ ಅತ್ತಾರು, ಇರು” ಅಂದಳು. ದೀಪ ಹಚ್ಚುವ ಹೊತ್ತು ಮೀರಿದರೂ ಅವಳು ಹಚ್ಚದೆ ಕಾದಳು. ಅತ್ತ ಮೇಲೆ ನಿಜ ಹೇಳುವ ಪದ್ಧತಿ ನಮ್ಮದು. ಯಾರೂ ಅಳದಿದ್ದರೆ ಏನು ಮಾಡಬೇಕು ಅಂತ ಹಿರಿಯರು ಹೇಳಿಕೊಟ್ಟಿರಲಿಲ್ಲ.

ಮಾರನೆಯ ದಿನ ಹನ್ನೊಂದಕ್ಕೆ ಮುಂಚೆಯೇ ಭೇರ್ಯದವನು ಬಂದ, ಒಬ್ಬನೇ, ಕವರಿನಲ್ಲಿ ಸೇವಂತಿಗೆ ಹಾರ ಹಿಡಿದುಕೊಂಡು. ಅವನು ಅಳುವವರೆಗಾದರೂ ಒಳಗಿರಿ ಅಂತ ದೊಡ್ಡವ್ವ ಎಷ್ಟು ಬೇಡಿಕೊಂಡರೂ ಒಪ್ಪದ ದೊಡ್ಡಪ್ಪ ಜಗಲಿಯ ಮೇಲೇ ಕಾಫಿ ಕುಡಿಯುತ್ತಿದ್ದರು. ಅವನು ಬೆಚ್ಚಿ ನಿಂತ. ದೊಡ್ಡವ್ವ ಕಾಗೆಯ ವಿಷಯ ಹೇಳಿದಳು. ಬೈಯಲೂ ಇಲ್ಲ ಅವನು. ಕೆಲಸ ಬಿಟ್ಟು ಬಂದೆನಲ್ಲ ಅನ್ನುವ ಮುಖ ಮಾಡಿಕೊಂಡ.

“ಎಂಗ್ ಬಂದೆ ಮಗ?” ದೊಡ್ಡಪ್ಪ ಕೇಳಿದರು.

“ಹ್ಯಾಂಡ್‌ಪೋಸ್ಟ್‌ಗಂಟ ಬಂದು ಯೋಚ್ನೆ ಮಾಡ್ತಿದ್ದೆ. ನೋಡುದ್ರೆ ನಿಮ್ಮೂರ್ಗೇ ಬಸ್ಸೈತೆ. ಅನ್ಕೂಲ ಆಯ್ತು.”

ದೊಡ್ಡಪ್ಪ ಅವನನ್ನೇ ನೋಡಿದರು. “ಅದು ನಾಕ್ ಗಂಟ್ಗೆ ವಾಪಸ್ ಒಯ್ತದೆ. ಉಣ್ಕಂಡು ಓಗು” ಅಂದರು.

ಅವನು ಹೋಗುವಾಗ ಹಾರವನ್ನು ಏನು ಮಾಡುವುದು ಅಂತ ಯಾರಿಗೂ ತಿಳಿಯಲಿಲ್ಲ. ಸತ್ತವರಿಗೆ ತಂದ ಹೂವನ್ನು ದೇವರಿಗೆ ಹಾಕುವಂತಿಲ್ಲ, ವಾಪಸ್ಸು ಒಯ್ಯುವಂತಿಲ್ಲ. ಅವನು ಅದನ್ನು ಜಗಲಿಯ ಗೋಡೆಯ ಮೊಳೆಗೆ ನೇತುಹಾಕಿ ಬಸ್ಸು ಹತ್ತಿದ. ಅದರ ಕೆಳಗೇ ದೊಡ್ಡಪ್ಪ ಕೂತಿದ್ದರು. ಬಸ್ಸು ಅವರ ಹೊಲದ ಮೂಲೆಯಲ್ಲಿ ತಿರುಗಿಕೊಂಡು ಹೋಯಿತು.

ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ ಕೂತು ಹೇಳಿಯೇಬಿಟ್ಟೆ. “ನೀವು ಆ ಬಸ್ ತರ್ದೆ ಇದ್ದಿದ್ರೆ ನಾನು ಓದ್ತಿರ್ಲಿಲ್ಲ ದೊಡ್ಡಪ್ಪ. ನಾನು ಟೀಚರಾಗಿದ್ದೇ ನಿಮ್ಮಿಂದ.” ಹೇಳುತ್ತ ಹೇಳುತ್ತ ಅಳು ಬಂತು.

ಅವರ ಮುಖ ಅರಳುತ್ತದೆ ಅಂದುಕೊಂಡಿದ್ದೆ. ಅವರು ಬಿಳಿಚಿಕೊಂಡರು. ಮೊಳೆಯ ಹಾರವನ್ನೊಮ್ಮೆ, ನನ್ನ ಕಣ್ಣನ್ನೊಮ್ಮೆ ನೋಡಿ, ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು.

“ಇಷ್ಟು ವರ್ಷ ಇಲ್ದಿದ್ದು ಇದ ಈಗ ಯಾಕ್ ಏಳ್ತಿದ್ದೀಯೆ ಮಗ? ಡಾಕ್ಟ್ರು ನಂಗೊತ್ತಿಲ್ದಂಗೆ ನಿಂಗೇನಾರ ಅಂದ್ರಾ?”