ಯಾರ ಹೆಸರಿಗೂ ಸೇರದ ಅಳತೆ

ಮುನಿರತ್ನಕ್ಕ, ಆ ಸಂಜೆ ನಿಮ್ಮ ಹಾಲಿನಲ್ಲಿ ನೀರಿರಲಿಲ್ಲ. ಒಂದು ತೊಟ್ಟೂ ಇರಲಿಲ್ಲ. ಅದು ನನಗೆ ಅದೇ ಸಂಜೆ ಗೊತ್ತಾಯಿತು — ನೀವು ಕ್ಯಾನು ಎತ್ತಿಕೊಂಡು ಮನೆಯೊಳಗೆ ಹೋಗಿ ಎರಡು ಗಂಟೆಯೂ ಆಗಿರಲಿಲ್ಲ. ಗೊತ್ತಾಗಿಯೂ ಏಳು ವರ್ಷ ಬಾಯಿ ಬಿಡಲಿಲ್ಲ.

ನಿಮಗೆ ಗೊತ್ತಿರುವ ಸಂಗತಿಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಇದು ನಿಮ್ಮೊಬ್ಬರಿಗೆ ತಿಳಿದರೆ ಸಾಲದು. ನಾನು ನಿಮ್ಮ ಮಾನ ಕಳೆದದ್ದು ಊರಿನ ಎದುರು.

ಆಗ ನಾನು ಕ್ಯಾಸಂಬಳ್ಳಿ ಪಕ್ಕದ ನಮ್ಮೂರಿನ ಹಾಲಿನ ಡೈರಿಯಲ್ಲಿ ಟೆಸ್ಟರ್. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಕೆಲಸ. ಊರವರು ತಂದ ಹಾಲನ್ನು ಸಣ್ಣ ಲೋಟದಲ್ಲಿ ತೆಗೆದು ಮಿಷನ್ನಿನ ಕೊಳವೆಗೆ ಹಿಡಿದರೆ, ಅದರಲ್ಲಿ ಕೊಬ್ಬೆಷ್ಟು, ನೀರೆಷ್ಟು ಎಂದು ಅದು ಅಳೆದು ಪಕ್ಕದ ಕಂಪ್ಯೂಟರಿಗೆ ಕಳಿಸುತ್ತಿತ್ತು. ತೆರೆಯ ಮೇಲೆ ಬಂದದ್ದು ಅವರವರ ಹೆಸರಿನ ಮುಂದೆ ಕೂರುತ್ತಿತ್ತು. ನಡುವಿನ ಇಡೀ ಹಗಲು ಆ ಕೋಣೆಯಲ್ಲಿ ನಾನು ಮತ್ತು ಕಂಪ್ಯೂಟರ್, ಇಬ್ಬರೇ. ಬೀಗದ ಕೈ ನನ್ನ ಜೇಬಿನಲ್ಲಿ.

ನನಗೆ ಕಂಪ್ಯೂಟರ್ ಆಟದ ಹುಚ್ಚು. ಪಕ್ಕದ ಗಣಿ ಊರು ಕೋರಮಂಡಲ್‌ನ ಗೆಳೆಯ ಸೆಲ್ವ ತನ್ನ ಮನೆಯಲ್ಲಿ ಕೂತು, ನಾನು ಡೈರಿಯಲ್ಲಿ ಕೂತು, ಒಂದೇ ತಂಡದಲ್ಲಿ ಗುಂಡು ಹಾರಿಸುತ್ತಿದ್ದೆವು. ಅವನ ಕಂಪ್ಯೂಟರಿನಲ್ಲಿ ಆಟ ಸರಾಗವಾಗಿ ಓಡುತ್ತಿತ್ತು. ನನ್ನದರಲ್ಲಿ ಶತ್ರು ಎದುರಿಗೆ ಬಂದಾಗಲೇ ತೆರೆ ನಿಂತುಬಿಡುವುದು. ಮತ್ತೆ ಕದಲುವಷ್ಟರಲ್ಲಿ ನಾನು ಸತ್ತಿರುತ್ತಿದ್ದೆ. ಸೆಲ್ವ ಹೆಡ್‌ಫೋನಿನಲ್ಲಿ ಬೈಯುತ್ತಿದ್ದ. ಆ ಅವಮಾನ ತಡೆಯಲಾರದೆ — ನೋಡಿ, ಅವಮಾನ ಎಂದು ಬರೆದುಬಿಟ್ಟೆ. ನಿಮಗೆ ಬರೆಯುವ ಕಾಗದದಲ್ಲಿ ನನ್ನ ಅವಮಾನದ ಮಾತು!

ಡೈರಿಯ ಕಂಪ್ಯೂಟರಿಗೆ ಹೊಸ ಭಾಗ ಹಾಕಿಸುವಂತಿರಲಿಲ್ಲ. ಇದ್ದುದರಲ್ಲೇ ವೇಗ ಹೆಚ್ಚಿಸಬೇಕಿತ್ತು. ವಿಡಿಯೋ ನೋಡಿ ಕಲಿತೆ. ಬೇಡದ ಫೈಲುಗಳನ್ನು ಅಳಿಸಿದೆ. ಡಬ್ಬ ಬಿಚ್ಚಿ, ಫ್ಯಾನಿಗೆ ಮೆತ್ತಿದ್ದ ಬೂಸಾದ ಧೂಳನ್ನು ಬಣ್ಣದ ಬ್ರಷ್ಷಿನಲ್ಲಿ ಗುಡಿಸಿದೆ. ಆಟದ ಚಿತ್ರವನ್ನು ಮಸುಕಾಗುವಷ್ಟು ತಗ್ಗಿಸಿದೆ. ಸ್ವಲ್ಪ ಸುಧಾರಿಸಿತು, ಸಾಲಲಿಲ್ಲ. ಒಂದು ಮಧ್ಯಾಹ್ನ ಸೆಲ್ವ ಫೋನಿನಲ್ಲಿ ಹೇಳಿಕೊಟ್ಟ: “ಮಚ್ಚಾ, ಸ್ಟಾರ್ಟಪ್ ಲಿಸ್ಟ್ ತೆಗಿ. ಕಂಪ್ಯೂಟರ್ ಆನ್ ಆದ್ರೆ ತಾನಾಗೇ ಓಡ್ತದಲ್ಲ, ಅದೆಲ್ಲಾ ಅಲ್ಲಿ ಇರ್ತದೆ. ಏನಂತ ಗೊತ್ತಿಲ್ದೇ ಇರೋದೆಲ್ಲಾ ಆಫ್ ಮಾಡು. ಆಮೇಲೆ ನೋಡು, ಗೇಮ್ ಎಂಗೆ ಓಡ್ತದೆ!”

ನನಗೆ ಗೊತ್ತಿಲ್ಲದ್ದು ಎಂದರೆ ಬೇಡದ್ದು. ಎಷ್ಟು ಸುಲಭ! ಪಟ್ಟಿಯಲ್ಲಿ ಅರ್ಥವಾಗದ ಹೆಸರಿನ ಒಂದು ಸಣ್ಣ ಪ್ರೋಗ್ರಾಂ ಇತ್ತು. ಮಿಷನ್ ಕೂರಿಸಿದವರು ಹಾಕಿಹೋದದ್ದು. ಒಬ್ಬರ ಅಳತೆ ಬರೆದಾದ ಮೇಲೆ ಅದನ್ನು ಅಳಿಸಿ, ಮುಂದಿನವರದಕ್ಕೆ ಜಾಗ ಮಾಡುವುದಷ್ಟೇ ಅದರ ಕೆಲಸ. ಇದು ನನಗೆ ಆಮೇಲೆ ತಿಳಿಯಿತು. ಆಗ ನಾನು ಅದನ್ನು ಆಫ್ ಮಾಡಿ, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದೆ. ಆಟ ಓಡಿತು ನೋಡಿ — ಎಂದೂ ಓಡದ ಹಾಗೆ. ಅಂದು ಗೆದ್ದೆ. ಖುಷಿಗೆ ಮೇಜು ಗುದ್ದಿದೆ.

ಸಂಜೆ ಯಥಾಪ್ರಕಾರ ಮೊದಲು ನೀವು. ಡೈರಿಗೆ ಎದುರೇ ನಿಮ್ಮ ಮನೆ. ನಾನು ಶಟರ್ ಎತ್ತುವ ಮೊದಲೇ ನಿಮ್ಮ ಕ್ಯಾನು ಮೆಟ್ಟಿಲ ಮೇಲಿರುತ್ತಿತ್ತು. ಮೊದಲ ಹಾಲಿಗೆ ಮುಂಚೆ ಮಿಷನ್ನಿನ ಕೊಳವೆಗೆ ನೀರು ಬಿಟ್ಟು, ಬೆಳಗಿನ ಹಾಲಿನ ಪಸೆ ತೊಳೆಯುವುದು ರೂಢಿ. ತೊಳೆದೆ. ಆಮೇಲೆ ನಿಮ್ಮ ಹಾಲು ಹಿಡಿದೆ. ತೆರೆಯ ಮೇಲೆ ಬಂದದ್ದು — ಮುಕ್ಕಾಲು ಪಾಲು ನೀರು.

“ಏನಕ್ಕಾ ಇದು, ಆಲಿಗೆ ನೀರು ಸೇರ್ಸಿದ್ದೀಯೋ, ನೀರಿಗೆ ಆಲು ಸೇರ್ಸಿದ್ದೀಯೋ?” ಎಂದೆ. ಸಾಲು ಗೊಳ್ಳೆಂದು ನಕ್ಕಿತು. ನಗಿಸಿದೆನಲ್ಲ ಎಂದು ನನಗೆ ಹಿಗ್ಗು.

ನೀವು ನಗಲಿಲ್ಲ. “ಲೇ ಸೀನಾ, ಸರ್ಯಾಗಿ ನೋಡ್ಲಾ. ನಮ್ ಓರಗಿತ್ತಿ ಸುಶೀಲ ಕರ್ದಿದ್ದನ್ನ ಅಂಗೇ ತಂದಿದ್ದೀನಿ. ಆ ಗಾಜಿನ ಕಡ್ಡಿ ಬಿಟ್ಟು ನೋಡ್ಲಾ” ಎಂದಿರಿ.

ಗಾಜಿನ ಕಡ್ಡಿ ಎಂದರೆ ಹಳೆಯ ಲ್ಯಾಕ್ಟೋಮೀಟರ್. ಮೇಜಿನ ಖಾನೆಯಲ್ಲೇ ಇತ್ತು. ಹಾಲಿಗೆ ಬಿಟ್ಟರೆ ಒಂದು ನಿಮಿಷದ ಕೆಲಸ. ಆದರೆ ತೆರೆಯ ಹಿಂದೆ ಆಟ ಹಾಗೇ ತೆರೆದಿತ್ತು, ಸೆಲ್ವ ಕಾಯುತ್ತಿದ್ದ, ನನಗೆ ಸಾಲು ಬೇಗ ಕರಗಬೇಕಿತ್ತು. ಆ ಒಂದು ನಿಮಿಷ ನನ್ನ ಬಳಿ ಇರಲಿಲ್ಲ.

“ಮಿಷನ್ನು ಸುಳ್ಳೇಳಲ್ಲಕ್ಕಾ,” ಎಂದೆ. “ಮನುಷ್ರೇ ಏಳಾದು.”

ನೀವು ಒಂದು ಸಲ ಮಿಷನ್ ಕಡೆ ನೋಡಿದಿರಿ. ಪ್ರತಿ ಆಯುಧಪೂಜೆಗೆ ಅದಕ್ಕೆ ಕುಂಕುಮ ಇಟ್ಟು ಹೂವು ಮುಡಿಸುತ್ತಿದ್ದವರು ನೀವು. ಕ್ಯಾನು ಎತ್ತಿಕೊಂಡು ಹೊರಟಿರಿ.

ನಿಮ್ಮ ಹಿಂದೆ ವೆಂಕಟಸ್ವಾಮಿ ಮಾವ. ಅವರ ಹಾಲು ಯಾವಾಗಲೂ ತೆಳು. ಅಂದು ಮಾತ್ರ ಅದ್ಭುತ ಅಳತೆ. “ಏನ್ ಮಾವ, ಅಸುಗೆ ಏನ್ ಮೇಯ್ಸಿದ್ರಿ ಇವತ್ತು?” ಎಂದೆ. ಅವರು ಮೀಸೆ ತಿರುವಿಕೊಂಡರು. ಅಕ್ಕ, ಅದು ನಿಮ್ಮ ಹಾಲು.

ಎಲ್ಲರದೂ ಮುಗಿಯಿತು. ಕೊನೆಯ ಲೋಟ ತೊಳೆದಿಟ್ಟೆ. ಕೊಳವೆ ಖಾಲಿ, ಮೆಟ್ಟಿಲು ಖಾಲಿ. ಆಟಕ್ಕೆ ಕೂರೋಣವೆಂದು ಕಂಪ್ಯೂಟರಿನ ಕಡೆ ತಿರುಗಿದರೆ ತೆರೆಯ ಮೇಲೆ ಇನ್ನೊಂದು ಅಳತೆ ಬಂದು ಕೂತಿತ್ತು. ಹೆಸರು ಕೇಳುತ್ತಿತ್ತು.

ಯಾರ ಹೆಸರು? ಯಾರೂ ಇರಲಿಲ್ಲ. ಅದು ಕೊನೆಗೆ ಬಂದವರ ಹಾಲು. ಹಾಗಾದರೆ ಅವರ ಹೆಸರಿಗೆ ಕೂತದ್ದು ಅವರಿಗಿಂತ ಮೊದಲು ಬಂದವರದು. ಆ ಮೊದಲಿನವರಿಗೆ ಅವರಿಗಿಂತಲೂ ಮೊದಲಿನವರದು… ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಮೇಲಕ್ಕೆ ಹೋದೆ. ಹಿಂದಿನದನ್ನು ಅಳಿಸುವ ಆ ಪ್ರೋಗ್ರಾಂ ಇಲ್ಲದೆ ಎಲ್ಲವೂ ಒಂದೊಂದು ಸ್ಥಾನ ಜಾರಿದ್ದವು. ಮೇಲಿನ ತುದಿಯಲ್ಲಿ ನಿಮ್ಮ ಹೆಸರು. ಅದರ ಮುಂದಿದ್ದದ್ದು ನಾನು ಕೊಳವೆ ತೊಳೆದ, ಬೆಳಗಿನ ಹಾಲಿನ ಪಸೆ ಬೆರೆತ ನೀರು.

ಎದ್ದು ರಸ್ತೆ ದಾಟಿದ್ದರೆ ಮುಗಿಯುತ್ತಿತ್ತು. ಹತ್ತು ಹೆಜ್ಜೆ. ನಾನು ಮಾಡಿದ್ದೇನು? ಆ ಪ್ರೋಗ್ರಾಂ ಮತ್ತೆ ಆನ್ ಮಾಡಿದೆ. ಆಟವನ್ನು ಅಳಿಸಿದೆ. ಹೆಸರಿಲ್ಲದ ಆ ಅಳತೆಯನ್ನೂ ಅಳಿಸಿದೆ. ಡೈರಿ ಕಂಪ್ಯೂಟರಿನಲ್ಲಿ ಆಟ ಆಡುತ್ತಿದ್ದ ಎಂದು ತಿಳಿದರೆ ಕೆಲಸ ಹೋಗುತ್ತದೆಂಬ ಭಯ. ನಾಳೆ ಹೇಗೋ ಹೇಳಿದರಾಯಿತು ಅಂದುಕೊಂಡೆ. ಮರುದಿನ ನಿಮ್ಮ ಕ್ಯಾನು ಮೆಟ್ಟಿಲ ಮೇಲಿರಲಿಲ್ಲ. ಅದರ ಮರುದಿನವೂ ಇಲ್ಲ. “ಯಾವ ಮೊಕ ಇಟ್ಕಂಡು ಬತ್ತಾಳೆ” ಎಂದು ಸಾಲಿನಲ್ಲಿ ಯಾರೋ ಅಂದರು. ನಾನು ತಲೆ ಅಲ್ಲಾಡಿಸಿದೆ.

ನೀವು ಹಸು ಮಾರಿದಿರಿ. ನಿಮ್ಮ ಮೈದುನ ಹೆಂಡತಿ ಮಕ್ಕಳೊಂದಿಗೆ ಬೇರೆ ಹೋದರು. ಕೊಟ್ಟಿಗೆಯ ನಡುವೆ ಗೋಡೆ ಎದ್ದಿತು. ಯಾವ ಮನೆಯಲ್ಲಿ ಇಲ್ಲ ಇದು, ಅಂದುಕೊಂಡು ಸುಮ್ಮನಾದೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಈಗ ಬಂಗಾರಪೇಟೆಯಲ್ಲಿ ನನ್ನದೊಂದು ಅಂಗಡಿ. ಕೆಲಸ ಏನು ಗೊತ್ತೇ? ಆಟ ಆಡುವವರ ಕಂಪ್ಯೂಟರಿನ ವೇಗ ಹೆಚ್ಚಿಸಿಕೊಡುವುದು. ಹೋದ ಸೋಮವಾರ ಒಬ್ಬ ಹೆಂಗಸು ಮಗಳ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟರು. “ಉಡುಗಿ ಆಟ ಆಡ್ತಾ ಇದ್ರೆ ನಿಂತು ನಿಂತು ಓಗ್ತೈತಂತೆ. ಸ್ಪೀಡ್ ಮಾಡ್ಕೊಡಪ್ಪ.” ತಲೆ ಎತ್ತಿದೆ — ಸುಶೀಲಕ್ಕ. ನಿಮ್ಮ ಓರಗಿತ್ತಿ. ಈಗ ಬಂಗಾರಪೇಟೆಯಲ್ಲೇ ಅವರ ಮನೆಯಂತೆ.

ಅವರು ನನ್ನನ್ನು ಗುರುತು ಹಿಡಿದರು. ನಿಂತಲ್ಲೇ ಎಲ್ಲ ಹೇಳಿದರು. ಆ ಸಂಜೆ ಮನೆಗೆ ಹೋಗಿ ನೀವು ಅವರ ಅಂಗೈ ಮೇಲೆ ಕರ್ಪೂರ ಹಚ್ಚಿ, ಹಸುವಿನ ಮುಂದೆ ನಿಲ್ಲಿಸಿ ಆಣೆ ಕೇಳಿದ್ದು. ನೀರು ಹಾಕಿಲ್ಲವೆಂದು ಅವರು ಕರ್ಪೂರವನ್ನು ಮುಷ್ಟಿಯಲ್ಲಿ ಆರಿಸಿದ್ದು. ಆಗ ನೀವು ಅಂದದ್ದು — “ಆಣೆ ಸುಳ್ಳಾಗ್‌ಬೋದು ಕಣೇ, ಮಿಷನ್ನು ಸುಳ್ಳೇಳಲ್ಲ.”

ನನ್ನ ಮಾತು! ನಾನು ನಗಿಸಲು, ಸಾಲು ಕರಗಿಸಲು ಎಸೆದ ಮಾತನ್ನು ನೀವು ಮನೆಗೆ ಒಯ್ದು, ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿದವರ ಮೇಲೆ ಇಟ್ಟಿರಿ. ಅಲ್ಲಿಯವರೆಗೆ ನೀವು ಅವಮಾನಕ್ಕೆ ಮನೆ ಹಿಡಿದಿರಿ ಎಂದೇ ತಿಳಿದಿದ್ದೆ. ನೀವು ಮಿಷನ್ನನ್ನು ನಂಬಿದ್ದಿರಿ. ನನ್ನನ್ನು ನಂಬಿದ್ದಿರಿ.

ಸುಶೀಲಕ್ಕ ದನಿ ತಗ್ಗಿಸಿ ಕೇಳಿದರು: “ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಆ ಮಿಷನ್ನು ತಪ್ಪು ತೋರ್ಸಾದು ಉಂಟಾ?”

“ಇಲ್ಲ” ಎಂದೆ.

ಅಕ್ಕ, ನಾನು “ಇಲ್ಲ” ಎಂದೆ. ಈಗ ಕಳೆದುಕೊಳ್ಳಲು ಆ ಕೆಲಸವೂ ಇಲ್ಲ, ನನ್ನನ್ನು ಕೇಳುವವರೂ ಇಲ್ಲ. ಆದರೂ ಬಾಯಿಂದ ಅದೇ ಬಂತು. ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದವನು ಬೇರೆ ಯಾರೋ ಎಂದು ನಾನೇ ಬೆಚ್ಚಿಬಿದ್ದೆ.

ಅವರು ತಲೆದೂಗಿದರು. “ಅಂಗಾದ್ರೆ ನಾನೇ ಇರ್ಬೇಕು. ಬಕೀಟು ತೊಳ್ದಿದ್ ನೀರ ಚೆಲ್ದೇ ಅಂಗೇ ಕರ್ದ್‌ಬಿಟ್ನೇನೋ. ಏಳು ವರ್ಷದಿಂದ ನೆಪ್ಪು ಮಾಡ್ಕಂತಾನೇ ಇದ್ದೀನಿ, ಬರ್ತಿಲ್ಲ. ಅಕ್ಕಂಗೆ ಸುಳ್ಳಾಣೆ ಇಟ್‌ಬಿಟ್ನಲ್ಲ…” ಎನ್ನುತ್ತಾ ಬಲ ಅಂಗೈಯನ್ನು ಸೆರಗಿನಲ್ಲಿ ಉಜ್ಜಿಕೊಂಡರು. ಗುರುವಾರ ಬರುತ್ತೇನೆಂದು ಹೇಳಿ ಹೋದರು.

ಆ ಲ್ಯಾಪ್‌ಟಾಪ್ ಇನ್ನೂ ನನ್ನ ಎದುರಿಗಿದೆ. ಸ್ಟಾರ್ಟಪ್ ಪಟ್ಟಿ ತೆರೆದಿಟ್ಟು ಕೂತಿದ್ದೇನೆ. ಒಂದನ್ನೂ ಆಫ್ ಮಾಡಲು ಕೈ ಬರುತ್ತಿಲ್ಲ.

ಗುರುವಾರದವರೆಗೆ ಕಾಯುವುದಿಲ್ಲ. ನಾಳೆ ಬೆಳಿಗ್ಗೆ ಸುಶೀಲಕ್ಕನ ಮನೆಗೆ ಹೋಗಿ ಅವರ ಆಣೆ ನಿಜವೆಂದು ಹೇಳುತ್ತೇನೆ. ಅವರು ನನ್ನ ಜೊತೆ ಊರಿಗೆ ಬರುವುದು ಬಿಡುವುದು ಅವರ ಇಷ್ಟ. ಕರೆಯುವ ಮುಖ ನನಗಿಲ್ಲ. ಸಂಜೆ ಹಾಲಿನ ಹೊತ್ತಿಗೆ ನಿಮ್ಮ ಮನೆಗೆ ಬರುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಬಾಗಿಲು ತೆಗೆಯದಿದ್ದರೆ ನಿಮ್ಮ ಜಗಲಿಯ ಮೇಲೆಯೇ ನಿಂತು, ಎದುರಿನ ಸಾಲಿನಲ್ಲಿ ಕೊನೆಗೆ ನಿಂತವರಿಗೂ ಕೇಳುವ ಹಾಗೆ ಈ ಕಾಗದವನ್ನು ಓದುತ್ತೇನೆ — ಅದರ ಮೊದಲ ಮಾತಿನಿಂದ.